ಸೂಸಿ ಅಂಡ್ ದ ಬ್ಯಾನ್‌ಶೀಸ್: ಗಿಟಾರ್ ಹಿಡಿದವರು ಬದಲಾಗುತ್ತಲೇ ಹೋದರೂ ತಂಡ ಬೆಳೆದದ್ದು ಹೇಗೆ?

ತಂತಿಮೀಟು

ಗಾಥ್ ಎಂಬ ಕತ್ತಲೆ, ವಿಷಾದದ ಛಾಯೆಯ ರಾಕ್ ಸಂಗೀತದ ಬಗ್ಗೆ ಮಾತು ಶುರುವಾದರೆ ಬೌಹೌಸ್, ದ ಕ್ಯೂರ್, ಸಿಸ್ಟರ್ಸ್ ಆಫ್ ಮರ್ಸಿ ಅಂತ ಹೆಸರುಗಳು ಸಾಲಾಗಿ ಬರುತ್ತವೆ. ಬ್ರಿಟನ್ನಿನ ಸೂಸಿ ಅಂಡ್ ದ ಬ್ಯಾನ್‌ಶೀಸ್ ತಂಡದ ಹೆಸರೂ ಬರುತ್ತದೆ, ಆದರೆ 'ಸ್ಪೆಲ್‌ಬೌಂಡ್' ಹಾಡಿನಿಂದ ಆಚೆಗೆ ಮಾತು ದಾಟುವುದೇ ಇಲ್ಲ. 'ಸ್ಟ್ರೇಂಜರ್ ಥಿಂಗ್ಸ್' ವೆಬ್ ಸರಣಿಯ ನಾಲ್ಕನೇ ಸೀಸನ್ನಿನ ಕೊನೆಯಲ್ಲಿ ಆ ಹಾಡು ಬಂದ ಮೇಲೆ ಹೊಸಬರು ಬಹಳ ಮಂದಿ ಕೇಳಿದ್ದಾರೆ, ಅದು ಸಂತೋಷವೇ. ಅದರಾಚೆ ಇರುವ ಹನ್ನೊಂದು ಸ್ಟುಡಿಯೋ ಆಲ್ಬಂಗಳ ಬಗ್ಗೆ ಇಲ್ಲಿ ಬಿಡುವಾಗಿ ಮಾತಾಡಬೇಕು ಅಂತ ನನ್ನ ಆಸೆ.

ತಂಡದ ಹುಟ್ಟೇ ವಿಚಿತ್ರ. 1976ರ ಸೆಪ್ಟೆಂಬರ್ 20, ಲಂಡನ್ನಿನ 100 ಕ್ಲಬ್‌ನಲ್ಲಿ ಪಂಕ್ ಎಂಬ ಒರಟು, ಬಂಡಾಯದ ರಾಕ್ ಸಂಗೀತದ ಉತ್ಸವ. ಕಾರ್ಯಕ್ರಮದಲ್ಲಿ ಒಂದು ಜಾಗ ಖಾಲಿ ಉಳಿದಿದೆ ಎಂದು ಗೊತ್ತಾಗಿ ಗಾಯಕಿ ಸೂಸಿ ಸೂ ಮತ್ತು ಬೇಸ್ ವಾದಕ ಸ್ಟೀವನ್ ಸೆವೆರಿನ್ ವೇದಿಕೆ ಹತ್ತಿಬಿಟ್ಟರು. ಡ್ರಮ್ಸ್‌ಗೆ ಸಿಡ್ ವಿಷಸ್, ಗಿಟಾರಿಗೆ ಮಾರ್ಕೋ ಪಿರೋನಿ. ಕೈಯಲ್ಲಿ ಒಂದು ಹಾಡೂ ಇಲ್ಲ. ಕ್ರೈಸ್ತರ ಪ್ರಾರ್ಥನೆಯ ಸಾಲುಗಳನ್ನೇ ಹಿಡಿದು ಸುಮಾರು ಇಪ್ಪತ್ತು ನಿಮಿಷ ಗದ್ದಲ ಎಬ್ಬಿಸಿ ಇಳಿದರು. ಅಲ್ಲಿಂದ 1996ರವರೆಗೆ ಇವರು ಒಂದು ಆಲ್ಬಂನ ದನಿಯನ್ನು ಮುಂದಿನದರಲ್ಲಿ ಹಾಗೇ ಇಟ್ಟುಕೊಂಡದ್ದು ನನಗೆ ಕಂಡಿಲ್ಲ.

ನನ್ನ ವಾದ ಇಷ್ಟು: ಈ ತಂಡದ ಬಹುಮುಖತೆಗೆ ಮೂಲ ಗಿಟಾರ್ ವಾದಕರು. ಜಾನ್ ಮೆಕೇ, ಜಾನ್ ಮೆಕ್‌ಗೀಯಕ್, ದ ಕ್ಯೂರ್ ತಂಡದ ರಾಬರ್ಟ್ ಸ್ಮಿತ್, ಜಾನ್ ಕ್ಯಾರದರ್ಸ್, ಜಾನ್ ಕ್ಲೈನ್, ಒಬ್ಬೊಬ್ಬರು ಬಂದಾಗಲೂ ತಂಡ ಹೊಸದಾಗಿ ಹುಟ್ಟಿತು. ಅವರೆಲ್ಲರಲ್ಲಿ ಮೆಕ್‌ಗೀಯಕ್ ಸಮನಾದವರು ಯಾರೂ ಇಲ್ಲ. 'ಜುಜು' (1981) ಕೇಳಿದವರು ಒಪ್ಪುತ್ತೀರಿ.

ಹುಬ್ಬಳ್ಳಿ ಬೇಸ್

ಮೆಕ್‌ಗೀಯಕ್ ದೊಡ್ಡಾಂವ, ಅದರಾಗ ಎರಡು ಮಾತಿಲ್ಲ ಸರ್. ಆದ್ರ ನೀವು ಲೆಕ್ಕಾ ತಲೆಕೆಳಗ ಮಾಡೀರಿ. ಗಿಟಾರಿನವರು ಬಂದ್ರು, ಹೋದ್ರು. ಉಳಿದವ್ರು ಯಾರು? ಸೂಸಿ, ಸೆವೆರಿನ್, 1979ರಿಂದ ಡ್ರಮ್ಸ್ ನುಡಸೂ ಬಡ್ಜಿ. ಈ ಮೂವರು ಹಾಕಿದ ಅಡಿಪಾಯ ಗಟ್ಟಿ ಇತ್ತು, ಅದಕ್ಕ ಮ್ಯಾಲೆ ಯಾರು ಬಂದು ಏನು ಕಟ್ಟಿದ್ರೂ ನಿಂತಿತು.

ನಾ ಬೇಸ್ ಗಿಟಾರ್ ನುಡಸಾಂವ, ಅದಕ್ಕ ಸೆವೆರಿನ್ ಬಗ್ಗೆ ಹೇಳ್ತೀನಿ. ಆತ ಕಲಿತು ಬಂದು ಬ್ಯಾಂಡ್ ಕಟ್ಟಿದಾಂವ ಅಲ್ಲ, ಬ್ಯಾಂಡ್ ಕಟ್ಟಿ ಆಮ್ಯಾಲೆ ಬೇಸ್ ಕಲಿತಾಂವ. ಅದಕ್ಕ ಆತನ ಕೈಯಾಗ ರಾಕ್ ಬೇಸಿನ ರೂಢಿ ಚಾಳಿ ಒಂದೂ ಇಲ್ಲ. ಗಿಟಾರಿನ ಬೆನ್ನ ಹಿಂದ ನಿಂತು ಬೇರುಸ್ವರ ಒತ್ತಿ ಸುಮ್ನಾಗೂದಿಲ್ಲ. 'ಇಸ್ರೇಲ್' ಕೇಳ್ರಿ, ಬೇಸ್ ಎಷ್ಟು ಮುಂದ ಅದ! ರಾಗ ಅದರೊಳಗ ಅದ, ಗಿಟಾರ್ ಅದರ ಸುತ್ತ ಬಣ್ಣ ಬಳೀತದ. 'ಸ್ಲೋಡೈವ್'ದಾಗ ಒಂದೇ ಸಣ್ಣ ತುಣುಕು ತಿರುಗಿ ತಿರುಗಿ ಬರ್ತದ, ಹಾಡು ಪೂರಾ ಅದರ ಮ್ಯಾಲೇ ನಿಂತದ. ಫ್ಲ್ಯಾಂಜರ್ ಅನ್ನೂ ಸಾಧನ ಹಾಕಿ ಬೇಸಿನ ದನಿ ತೇಲಾಡೂ ಹಂಗ ಮಾಡೂದು ಆ ಕಾಲದಾಗ ಎಲ್ಲಾರೂ ಮಾಡಿದ್ರು, ಇಷ್ಟು ಸಂಯಮದಿಂದ ಮಾಡಿದವ್ರು ಭಾಳ ಕಡಿಮಿ.

ಪುತ್ತೂರಿನವ

ಬಡ್ಜಿ ಹೆಸರು ಬಂತಲ್ಲ, ಇನ್ನು ಸುಮ್ಮನೆ ಕೂರಲಿಕ್ಕೆ ಆಗುವುದಿಲ್ಲ ಮಾರಾಯ್ರೆ.

ಮೊದಲ ಡ್ರಮ್ಮರ್ ಕೆನ್ನಿ ಮಾರಿಸ್‌ಗೂ ಸಲ್ಲಬೇಕಾದದ್ದು ಸಲ್ಲಬೇಕು. 'ದ ಸ್ಕ್ರೀಮ್' (1978) ಆಲ್ಬಂನಲ್ಲಿ ಸಿಂಬಲ್ ಎಂಬ ಲೋಹದ ತಟ್ಟೆಗಳ ಝಣಝಣ ಕಮ್ಮಿ, ಟಾಮ್ ಎಂಬ ಚರ್ಮ ಬಿಗಿದ ಡ್ರಮ್‌ಗಳ ಗುಡುಗು ಜಾಸ್ತಿ. ಪಂಕ್ ಎಂದರೆ ವೇಗವಾಗಿ ಹೈ-ಹ್ಯಾಟ್ ಎಂಬ ಜೋಡಿ ತಟ್ಟೆ ಬಡಿಯುವುದು ಎಂದಿದ್ದ ಕಾಲದಲ್ಲಿ ಅದು ದೊಡ್ಡ ನಿರ್ಧಾರ. ಪೋಸ್ಟ್‌ಪಂಕ್ (ಪಂಕ್ ನಂತರ ಬಂದ ಪ್ರಯೋಗಶೀಲ ಸಂಗೀತ) ಡ್ರಮ್ಮಿಂಗ್ ಅಂತ ಇವತ್ತು ನಾವು ಯಾವುದನ್ನು ಗುರುತು ಹಿಡಿಯುತ್ತೇವೋ ಅದಕ್ಕೆ ದಾರಿ ಹಾಕಿದವರಲ್ಲಿ ಅವರೂ ಒಬ್ಬರು. 2024ರ ಜನವರಿಯಲ್ಲಿ ತೀರಿಕೊಂಡರು.

ಬಡ್ಜಿ ಅದೇ ದಾರಿಯಲ್ಲಿ ಎಷ್ಟೋ ದೂರ ಹೋದರು. ನಾನು ಸಣ್ಣದರಿಂದಲೂ ಯಕ್ಷಗಾನದ ಚಂಡೆ ಕೇಳಿ ಬೆಳೆದವ. ವೇಷ ರಂಗಕ್ಕೆ ಬರುವ ಮೊದಲೇ ಚಂಡೆ ಅದರ ಸ್ವಭಾವ ಹೇಳಿಬಿಡುತ್ತದೆ. 'ಸ್ಪೆಲ್‌ಬೌಂಡ್'ನಲ್ಲಿ ಬಡ್ಜಿಯ ಟಾಮ್‌ಗಳದ್ದು ಅದೇ ಕೆಲಸ. ಹಾಡು ಎಂಥದ್ದು ಅಂತ ಸೂಸಿ ಬಾಯಿ ತೆರೆಯುವ ಮೊದಲೇ ಗೊತ್ತಾಗುತ್ತದೆ. ತಾಳ ಹಿಡಿದುಕೊಂಡು ಇರುವುದು ಬೇರೆ, ತಾಳದಲ್ಲಿ ಕಥೆ ಹೇಳುವುದು ಬೇರೆ.

ಹೊಸಕೇಳುಗ

ನಾನು ನಿಜಕ್ಕೂ 'ಸ್ಟ್ರೇಂಜರ್ ಥಿಂಗ್ಸ್' ನೋಡಿ ಬಂದವನು 😊 'ಜುಜು' ಕೇಳಿದೆ, ತುಂಬಾ ಹಿಡಿಸಿತು. ಮುಂದೆ ಯಾವುದು ಕೇಳಲಿ? ಮೆಕ್‌ಗೀಯಕ್ ಅಷ್ಟು ವಿಶೇಷ ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀರಾ? ನನಗೆ ಗಿಟಾರ್ ಬರಲ್ಲ.

ತಂತಿಮೀಟು

@ಹೊಸಕೇಳುಗ ಖಂಡಿತ ಹೇಳುತ್ತೇನೆ.

ಮೆಕ್‌ಗೀಯಕ್ ಸ್ಕಾಟ್ಲೆಂಡಿನ ಗ್ರೀನಾಕ್‌ನವರು. ಮ್ಯಾಂಚೆಸ್ಟರ್‌ನಲ್ಲಿ ಚಿತ್ರಕಲೆ ಓದುತ್ತಿದ್ದಾಗ ಗಾಯಕ ಹಾವರ್ಡ್ ಡಿವೋಟೋ ಜೊತೆ ಸೇರಿ 'ಮ್ಯಾಗಜೀನ್' ತಂಡದಲ್ಲಿ ನುಡಿಸಲು ಶುರುಮಾಡಿದರು. ಬ್ಯಾನ್‌ಶೀಸ್‌ಗೆ ಮೊದಲು ಬಂದದ್ದು 'ಕೆಲೈಡೋಸ್ಕೋಪ್' (1980) ರೆಕಾರ್ಡಿಂಗ್‌ಗೆ ಅತಿಥಿಯಾಗಿ. ಅದರಲ್ಲಿ ಕೆಲವು ಹಾಡಿಗೆ ಸೆಕ್ಸ್ ಪಿಸ್ಟಲ್ಸ್‌ನ ಸ್ಟೀವ್ ಜೋನ್ಸ್ ಕೂಡ ಗಿಟಾರ್ ನುಡಿಸಿದ್ದಾರೆ.

ಮಾಮೂಲಿ ರಾಕ್ ಗಿಟಾರ್ ಒಂದು ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗೊಂಚಲು) ಹಿಡಿದು ಎಲ್ಲ ತಂತಿಗಳನ್ನೂ ಒಟ್ಟಿಗೆ ಬಾರಿಸಿ ಗೋಡೆ ಕಟ್ಟುತ್ತದೆ. ಮೆಕ್‌ಗೀಯಕ್ ಅದೇ ಕಾರ್ಡನ್ನು ಒಡೆದು ತಂತಿ ತಂತಿಯಾಗಿ ಬಿಡಿಸುತ್ತಾರೆ, ಮಧ್ಯದಲ್ಲಿ ಒಂದೆರಡು ತಂತಿ ತೆರೆದೇ ಮೊಳಗುತ್ತಿರುತ್ತವೆ. 'ಹ್ಯಾಪಿ ಹೌಸ್' ಕೇಳಿ. ಗಿಟಾರ್ ಹಾಡಿನ ಬಹುಪಾಲು ಖಾಲಿ ಬಿಟ್ಟು ಮೇಲೆ ಮೇಲೆ ಮಿನುಗುತ್ತದೆ. ಆ ಖಾಲಿ ಜಾಗದಲ್ಲಿ ಸೂಸಿ ಒಂದು 'ಸುಖೀ ಕುಟುಂಬ'ದ ಸುಳ್ಳನ್ನು ಎಳೆ ಎಳೆಯಾಗಿ ಬಿಚ್ಚುತ್ತಾಳೆ. ಮೂವತ್ತು ವರ್ಷ ದಾಟಿದ ಮೇಲೆ, 2011ರಲ್ಲಿ, ಗಾಯಕ ದ ವೀಕೆಂಡ್ ತನ್ನ ಹಾಡೊಂದನ್ನು ಅದೇ ತುಣುಕಿನ ಮೇಲೆ ಕಟ್ಟಿದ. ಅಷ್ಟು ಹೊಸದಾಗಿ ಉಳಿದಿತ್ತು ಅದು.

'ಸ್ಪೆಲ್‌ಬೌಂಡ್'ಗೆ ಬನ್ನಿ. ಎಲೆಕ್ಟ್ರಿಕ್ ಗಿಟಾರಿನ ಬಿಡಿ ಸ್ವರಗಳಿಂದ ಹಾಡು ಏಳುತ್ತದೆ. ಅದರ ಜೊತೆಗೆ ಹನ್ನೆರಡು ತಂತಿಯ ಅಕೌಸ್ಟಿಕ್ ಗಿಟಾರನ್ನು ಉಸಿರುಗಟ್ಟುವ ವೇಗದಲ್ಲಿ ಬಾರಿಸುತ್ತಾರೆ. ಜನಪದ ಹಾಡುಗಾರರು ಮೆತ್ತಗೆ ನುಡಿಸುವ ವಾದ್ಯದಿಂದ ಇಷ್ಟು ಭಯ ಹುಟ್ಟಿಸಬಹುದು ಅಂತ ಅದಕ್ಕೂ ಮೊದಲು ಯಾರು ಅಂದುಕೊಂಡಿದ್ದರು? ದ ಸ್ಮಿತ್ಸ್ ತಂಡದ ಗಿಟಾರಿಗ ಜಾನಿ ಮಾರ್, ರೇಡಿಯೋಹೆಡ್‌ನ ಜಾನಿ ಗ್ರೀನ್‌ವುಡ್ ಮತ್ತು ಎಡ್ ಓ'ಬ್ರಯನ್ ಎಲ್ಲರೂ ಇವರ ಋಣವನ್ನು ಬಾಯ್ತುಂಬ ಹೇಳಿಕೊಂಡಿದ್ದಾರೆ.

ಮುಂದೆ ಕೇಳಬೇಕಾದದ್ದು 'ಎ ಕಿಸ್ ಇನ್ ದ ಡ್ರೀಮ್‌ಹೌಸ್' (1982). 'ಜುಜು' ಗಿಟಾರಿನ ಆಲ್ಬಂ ಆದರೆ ಇದು ಸ್ಟುಡಿಯೋದ ಆಲ್ಬಂ. ಪಿಟೀಲು, ಗಂಟೆ, 'ಗ್ರೀನ್ ಫಿಂಗರ್ಸ್'ನಲ್ಲಿ ಮೆಕ್‌ಗೀಯಕ್ ಊದಿದ ರೆಕಾರ್ಡರ್ ಎಂಬ ಕೊಳಲು. ಕಾಮ, ಕನಸು, ಉಸಿರು ಎಲ್ಲ ಕಲಸಿದಂತಿದೆ. ಅದು ಬಂದ ಸಮಯಕ್ಕೇ ಮೆಕ್‌ಗೀಯಕ್ ಕುಡಿತ ಮತ್ತು ಬಳಲಿಕೆಯಿಂದ ಕುಸಿದರು, ತಂಡದಿಂದ ಹೊರಗಾದರು. ಆಮೇಲೆ ಪಬ್ಲಿಕ್ ಇಮೇಜ್ ಲಿಮಿಟೆಡ್ ತಂಡದಲ್ಲಿ ನುಡಿಸಿದರು, ಕೊನೆಗೆ ನರ್ಸಿಂಗ್ ಕಲಿತು ಆ ಕೆಲಸಕ್ಕೆ ಸೇರಿದರು. 2004ರಲ್ಲಿ ತೀರಿಕೊಂಡಾಗ ಐವತ್ತೂ ತುಂಬಿರಲಿಲ್ಲ. ಬದುಕಿದ್ದಾಗ ಸಿಗಬೇಕಾದ ಮರ್ಯಾದೆ ಅವರಿಗೆ ಸಿಗಲಿಲ್ಲ ಎನ್ನುವುದು ನನ್ನನ್ನು ಈಗಲೂ ಕಾಡುತ್ತದೆ.

ಕಪ್ಪುಲೇಸ್

ಚರ್ಚೆ ಚೆನ್ನಾಗಿದೆ. ಆದರೆ ಒಂದು ವಿಷಯ ಎತ್ತದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1976ರಲ್ಲಿ ಸೂಸಿ ನಾಜಿ ಚಿಹ್ನೆಯ ತೋಳುಪಟ್ಟಿ ಕಟ್ಟಿಕೊಂಡು ಓಡಾಡಿದ್ದಳು. 'ಹಾಂಗ್ ಕಾಂಗ್ ಗಾರ್ಡನ್'ನಲ್ಲಿ ಚೀನೀಯರ ಬಗ್ಗೆ ಇರುವ ಸಾಲುಗಳೂ ಮುಜುಗರ ತರುತ್ತವೆ. ಮೆಚ್ಚುವಾಗ ಇದನ್ನು ಬದಿಗೆ ಸರಿಸಿದರೆ ಆ ಮೆಚ್ಚುಗೆಗೆ ತೂಕ ಇರುವುದಿಲ್ಲ.

ಲೀಡ್ಸ್‌ನಿಂದ

@ಕಪ್ಪುಲೇಸ್ ಎತ್ತಿದ್ದು ಒಳ್ಳೆಯದಾಯಿತು ತಂಗಿ.

ತೋಳುಪಟ್ಟಿಗೆ ಸಮರ್ಥನೆ ಇಲ್ಲ. ಯುದ್ಧ ಕಂಡ ಹಿರಿಯರನ್ನು ಕೆಣಕಲು ಆಗಿನ ಪಂಕ್ ಹುಡುಗ ಹುಡುಗಿಯರು ಹಾಗೆ ಮಾಡಿದರು. ಕೆಣಕುವುದಕ್ಕೂ ಒಂದು ಬೆಲೆ ಇದೆ, ಆ ಬೆಲೆ ತೆತ್ತವರು ಬೇರೆಯವರು. ತಂಡ ಅಲ್ಲೇ ನಿಲ್ಲಲಿಲ್ಲ ಎನ್ನುವುದನ್ನೂ ಹೇಳಬೇಕು. ಮೊದಲ ಆಲ್ಬಂನಲ್ಲೇ 'ಮೆಟಲ್ ಪೋಸ್ಟ್‌ಕಾರ್ಡ್' ಇದೆ. ಹಿಟ್ಲರನ ವಿರುದ್ಧ ಚಿತ್ರ ಕತ್ತರಿಸಿ ಜೋಡಿಸಿ ಹೋರಾಡಿದ ಜರ್ಮನ್ ಕಲಾವಿದ ಜಾನ್ ಹಾರ್ಟ್‌ಫೀಲ್ಡ್‌ಗೆ ಅದು ಅರ್ಪಣೆ. 1980ರ ಕೊನೆಗೆ 'ಇಸ್ರೇಲ್' ಬಂತು, ಆ ದಿನಗಳಲ್ಲಿ ಸೂಸಿ ದಾವೀದನ ನಕ್ಷತ್ರ ಧರಿಸಿ ವೇದಿಕೆಗೆ ಬರುತ್ತಿದ್ದಳು. ಇದರಿಂದ ಹಿಂದಿನದು ಅಳಿಸಿಹೋಗುತ್ತದೆ ಎನ್ನುತ್ತಿಲ್ಲ, ಎರಡನ್ನೂ ಒಟ್ಟಿಗೆ ಇಟ್ಟು ನೋಡೋಣ.

'ಹಾಂಗ್ ಕಾಂಗ್ ಗಾರ್ಡನ್' ಎನ್ನುವುದು ಲಂಡನ್ನಿನ ಅಂಚಿನ ಚಿಸಲ್‌ಹರ್ಸ್ಟ್‌ನಲ್ಲಿದ್ದ ಒಂದು ಚೈನೀಸ್ ಊಟದ ಅಂಗಡಿ. ಬೋಳುತಲೆಯ ಪುಂಡರು ಅಲ್ಲಿಗೆ ಬಂದು ಕೆಲಸದವರಿಗೆ ಕಾಟ ಕೊಡುತ್ತಿದ್ದರು, ಅದನ್ನು ನೋಡಿ ಬರೆದದ್ದು ಎಂದು ಸೂಸಿ ಹೇಳಿದ್ದಾಳೆ. ಉದ್ದೇಶ ಒಳ್ಳೆಯದಿದ್ದರೂ ಸಾಲುಗಳು ಆ ಉದ್ದೇಶವನ್ನು ಹೊರುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಸಂಗೀತ ಮಾತ್ರ ಅದ್ಭುತ. ಮೆಕೇಯ ಆ ರಾಗ ಝೈಲೋಫೋನಿನಲ್ಲಿ ಬರುವಾಗ ಪಂಕ್‌ನಲ್ಲಿ ಅಂಥ ದನಿ ಬೇರೆಲ್ಲೂ ಇರಲಿಲ್ಲ. 1978ರಲ್ಲಿ ಬ್ರಿಟನ್ ಪಟ್ಟಿಯಲ್ಲಿ 7ನೇ ಸ್ಥಾನ ಮುಟ್ಟಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ ಯಾವ ರೆಕಾರ್ಡ್ ಕಂಪನಿಯೂ ಇವರನ್ನು ಸೇರಿಸಿಕೊಂಡಿರಲಿಲ್ಲ. ಬ್ಯಾನ್‌ಶೀಸ್‌ಗೆ ಒಪ್ಪಂದ ಕೊಡಿ ಎಂಬ ಬರಹ ಲಂಡನ್ನಿನ ರೆಕಾರ್ಡ್ ಕಂಪನಿಗಳ ಗೋಡೆಗಳ ಮೇಲೆ ಕಾಣಿಸಿಕೊಂಡಿತ್ತು.

ಕಪ್ಪುಲೇಸ್

ಧನ್ಯವಾದ ಅಕ್ಕ. ಹೀಗೆ ಎರಡೂ ಬದಿ ಹೇಳುವವರು ಕಡಿಮೆ.

ನನಗೆ ಸೂಸಿಯ ಹಾಡುಗಾರಿಕೆ ಬಗ್ಗೆ ಹೇಳಬೇಕಿದೆ. ಎಲ್ಲರೂ ಆಕೆಯ ಕಾಡಿಗೆ, ಕೂದಲು, ಉಡುಪು ಹಿಡಿದುಕೊಳ್ಳುತ್ತಾರೆ. ದನಿಯ ಕಡೆ ಗಮನ ಕೊಡುವವರು ಕಮ್ಮಿ. ಶುರುವಿನಲ್ಲಿ ಆಕೆ ಕೂಗುತ್ತಾಳೆ, ಚುಚ್ಚುತ್ತಾಳೆ. 'ಜುಜು' ಹೊತ್ತಿಗೆ ಅಲೆಯ ಹಾಗೆ ಏರಿ ಇಳಿಯುವುದು ಬಂದಿದೆ. 'ಡ್ರೀಮ್‌ಹೌಸ್'ನಲ್ಲಿ ಪಿಸುಮಾತು. 'ದ ಲಾಸ್ಟ್ ಬೀಟ್ ಆಫ್ ಮೈ ಹಾರ್ಟ್' (1988) ಹೊತ್ತಿಗೆ ಅಕಾರ್ಡಿಯನ್ ಪಕ್ಕದಲ್ಲಿ ತುಂಬುಗಂಠದ ಶೋಕಗೀತೆ. ಹಾಡುವುದನ್ನು ಯಾವ ಗುರುವಿನ ಬಳಿಯೂ ಕಲಿಯದೆ, ಕೇಳುವವರ ಎದುರೇ ಕಲಿತ ದನಿ ಅದು. ಪ್ರತಿ ಆಲ್ಬಂನಲ್ಲಿ ಹಾಡುಗಾರ್ತಿ ಬೆಳೆಯುವುದನ್ನು ನಾವು ಕೇಳಬಹುದು.

'ಪೀಕ್-ಅ-ಬೂ' ಹಾಡಿನ ಕೆಲಸ ನೋಡಿ. ಹಿಂದೆ ರೆಕಾರ್ಡ್ ಮಾಡಿದ್ದ ಹಾಡೊಂದರ ಹಿತ್ತಾಳೆ ವಾದ್ಯಗಳ ತುಣುಕನ್ನು ಹಿಂದುಮುಂದಾಗಿ ಓಡಿಸಿ, ಅದರ ಮೇಲೆ ಹೊಸ ಹಾಡು ಕಟ್ಟಿದರು. ಸೂಸಿ ಒಂದೊಂದು ಸಾಲಿಗೆ ಒಂದೊಂದು ಮೈಕ್ ಬದಲಿಸಿ ಹಾಡಿದಳು. ಅದಕ್ಕೇ ದನಿ ಒಮ್ಮೆ ಕಿವಿಯ ಪಕ್ಕ, ಒಮ್ಮೆ ಪಕ್ಕದ ಕೋಣೆಯಲ್ಲಿ ಕೇಳಿಸುತ್ತದೆ. ಹೆಣ್ಣಿನ ದೇಹವನ್ನು ಇಣುಕಿ ನೋಡುವವರ ಬಗ್ಗೆ ಇರುವ ಹಾಡಿಗೆ ಅದಕ್ಕಿಂತ ಸರಿಯಾದ ಉಪಾಯ ಇರಲಿಲ್ಲ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ 1988ರ ಸೆಪ್ಟೆಂಬರಿನಲ್ಲಿ ಮಾಡರ್ನ್ ರಾಕ್ ಪಟ್ಟಿಯನ್ನು ಶುರುಮಾಡಿದಾಗ, ಆ ಮೊಟ್ಟಮೊದಲ ಪಟ್ಟಿಯ ತುದಿಯಲ್ಲಿದ್ದದ್ದು ಈ ಹಾಡು.

ಹುಬ್ಬಳ್ಳಿ ಬೇಸ್

'ಪೀಕ್-ಅ-ಬೂ'ದಾಗ ಗಿಟಾರ್ ಎಲ್ಲಿ ಅದ, ಹುಡುಕ್ರಿ @ತಂತಿಮೀಟು ಸರ್! ಹಾಡು ನಿಂತದ್ದು ತಾಳದ ಮ್ಯಾಲೆ. ನನ್ನ ಮಾತಿಗೆ ಇದೇ ಸಾಕ್ಷಿ.

ತಂತಿಮೀಟು

ಆ ಹಾಡಿರುವ 'ಪೀಪ್‌ಶೋ' ಆಲ್ಬಂನ ಗಿಟಾರಿಗ ಜಾನ್ ಕ್ಲೈನ್, ಲಂಡನ್ ಸೋಹೋದ ಬ್ಯಾಟ್‌ಕೇವ್ ಕ್ಲಬ್ಬನ್ನು ನಡೆಸುತ್ತಿದ್ದ 'ಸ್ಪೆಸಿಮೆನ್' ತಂಡದವರು. ಗಾಥ್ ಪಂಥದ ಗರ್ಭಗುಡಿಯಿಂದಲೇ ಬಂದವರು ಗಾಥ್‌ನಿಂದ ಅತಿ ದೂರ ಹೋದ ಆಲ್ಬಂನಲ್ಲಿ ತೋಳು ಹಿಂದಕ್ಕೆ ತೆಗೆದುಕೊಂಡು, ಮಾರ್ಟಿನ್ ಮೆಕ್ಯಾರಿಕ್‌ನ ಚೆಲ್ಲೋಗೂ ಅಕಾರ್ಡಿಯನ್‌ಗೂ ಜಾಗ ಬಿಟ್ಟರು. ಎಲ್ಲಿ ನುಡಿಸಬಾರದು ಅಂತ ಅರಿತ ಗಿಟಾರಿಗನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಸಾರ್.

ಪುತ್ತೂರಿನವ

ನೀವಿಬ್ಬರೂ ಅಬರ್ಡೀನಿನ ಕಥೆ ಮರೆತಿರಿ. ವಾದ ಅಲ್ಲಿ ತೀರ್ಮಾನ ಆಗುತ್ತದೆ.

1979ರ ಸೆಪ್ಟೆಂಬರ್ 7. ಎರಡನೇ ಆಲ್ಬಂ 'ಜಾಯಿನ್ ಹ್ಯಾಂಡ್ಸ್' ಆಗಷ್ಟೇ ಬಂದಿದೆ, ಪ್ರವಾಸ ಈಗಷ್ಟೇ ಶುರುವಾಗಿದೆ. ಅಬರ್ಡೀನಿನ ರೆಕಾರ್ಡ್ ಅಂಗಡಿಯೊಂದರಲ್ಲಿ ಸಹಿ ಹಾಕುವ ಕಾರ್ಯಕ್ರಮದಲ್ಲಿ ಜಗಳ ಹತ್ತಿ, ಮೆಕೇ ಮತ್ತು ಮಾರಿಸ್ ಊರು ಬಿಟ್ಟೇ ಹೋದರು. ಕಛೇರಿಗೆ ಕೆಲವೇ ಗಂಟೆ ಬಾಕಿ. ಗಿಟಾರೂ ಇಲ್ಲ, ಡ್ರಮ್ಸೂ ಇಲ್ಲ. ಮೊದಲು ಹಾಡಬೇಕಿದ್ದ ದ ಕ್ಯೂರ್ ತಂಡ ಆ ರಾತ್ರಿ ಹೆಚ್ಚು ಹೊತ್ತು ನುಡಿಸಿತು. ಕೊನೆಗೆ ಸೂಸಿ, ಸೆವೆರಿನ್ ಅವರ ಜೊತೆ ವೇದಿಕೆಗೆ ಬಂದು 100 ಕ್ಲಬ್‌ನಲ್ಲಿ ಹಾಡಿದ್ದ ಅದೇ ಪ್ರಾರ್ಥನೆ ಹಾಡಿದರು. ಬೇರೆ ತಂಡ ಆಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇವರು ದ ಸ್ಲಿಟ್ಸ್ ಎಂಬ ಪಂಕ್ ತಂಡದಲ್ಲಿ ನುಡಿಸಿದ್ದ ಬಡ್ಜಿಯನ್ನು ಕರೆತಂದರು. ರಾಬರ್ಟ್ ಸ್ಮಿತ್ ಪ್ರತಿ ರಾತ್ರಿ ಮೊದಲು ತನ್ನ ತಂಡದಲ್ಲಿ ಹಾಡಿ, ಆಮೇಲೆ ಇವರ ಜೊತೆ ಗಿಟಾರ್ ಹಿಡಿದು ಪ್ರವಾಸ ಮುಗಿಸಿದರು.

ಮರುವರ್ಷದ 'ಕೆಲೈಡೋಸ್ಕೋಪ್' ನೋಡಿ. ಅರ್ಧ ತಂಡ ಹೋದ ಮೇಲೆ ಮಾಡಿದ ಆಲ್ಬಂ. ಸಿಂಥ್ ತಂದರು, ಡ್ರಮ್ ಮಶೀನ್ ತಂದರು. 'ರೆಡ್ ಲೈಟ್' ಹಾಡಿನಲ್ಲಿ ಕ್ಯಾಮೆರಾದ ಕ್ಲಿಕ್ಕೇ ತಾಳ. ಅದು ಬ್ರಿಟನ್ನಿನಲ್ಲಿ 5ನೇ ಸ್ಥಾನಕ್ಕೆ ಹೋಯಿತು. ಬಹುಮುಖತೆ ಇವರಿಗೆ ಶೋಕಿಯಾಗಿ ಬಂದದ್ದಲ್ಲ ಮಾರಾಯ್ರೆ, ಉಳಿಯಬೇಕಾದರೆ ಬೇರೆ ದಾರಿಯೇ ಇರಲಿಲ್ಲ.

ಲೀಡ್ಸ್‌ನಿಂದ

@ಪುತ್ತೂರಿನವ ಈ ಮಾತು ನನಗೆ ಸರಿ ಅನ್ನಿಸುತ್ತದೆ. ಸ್ಮಿತ್‌ಗೂ ಆ ಪ್ರವಾಸ ದೊಡ್ಡ ತಿರುವು. ಬ್ಯಾನ್‌ಶೀಸ್ ಜೊತೆ ನಿಂತ ಮೇಲೆ ದ ಕ್ಯೂರ್ ಹೇಗಿರಬೇಕು ಎನ್ನುವ ಕಲ್ಪನೆಯೇ ಬದಲಾಯಿತು ಎಂದು ಅವರೇ ಹೇಳಿದ್ದಾರೆ. ಆಮೇಲೆ 1982ರಿಂದ 84ರವರೆಗೆ ಎರಡೂ ತಂಡದಲ್ಲಿ ಒಟ್ಟಿಗೆ ದುಡಿದು ದಣಿದು ಬಿಟ್ಟರು. ಆ ಅವಧಿಯ 'ಹಯೀನಾ'ದಲ್ಲಿ 'ಡ್ಯಾಝಲ್' ಕೇಳಿ, ತಂತಿವಾದ್ಯಗಳ ದೊಡ್ಡ ಮೇಳ ಶುರುವಾಗಿ ಅದರೊಳಗಿಂದ ಡ್ರಮ್ಸ್ ನುಗ್ಗಿಬರುತ್ತದೆ. 'ಸ್ವಿಮ್ಮಿಂಗ್ ಹಾರ್ಸಸ್' ನಿಂತಿರುವುದೇ ಪಿಯಾನೋ ಮೇಲೆ.

ಭಾರತದ ನಂಟಿನ ಎರಡು ಹಾಡುಗಳಿವೆ, ಅದನ್ನೂ ಹೇಳಿಬಿಡುತ್ತೇನೆ. ಇವರ ಅತಿ ದೊಡ್ಡ ಬ್ರಿಟಿಷ್ ಹಿಟ್ 'ಡಿಯರ್ ಪ್ರೂಡೆನ್ಸ್', 1983ರಲ್ಲಿ 3ನೇ ಸ್ಥಾನ. ಮೂಲ ಬೀಟಲ್ಸ್‌ದು. 1968ರಲ್ಲಿ ಋಷಿಕೇಶದ ಮಹರ್ಷಿ ಆಶ್ರಮದಲ್ಲಿ ಧ್ಯಾನ ಬಿಟ್ಟು ಕೋಣೆಯಿಂದ ಹೊರಗೆ ಬಾರದ ಪ್ರೂಡೆನ್ಸ್ ಫ್ಯಾರೋ ಎಂಬಾಕೆಯನ್ನು ಕರೆಯಲು ಜಾನ್ ಲೆನನ್ ಬರೆದದ್ದು. ಬೀಟಲ್ಸ್ ಹಾಡಿನಲ್ಲಿ ಬೆಳಗಿನ ಬಿಸಿಲಿದೆ. ಬ್ಯಾನ್‌ಶೀಸ್ ಹಾಡಿದಾಗ ಹೊರಗೆ ಬಾ ಎಂದು ಕರೆಯುವ ದನಿಯನ್ನು ನಂಬಬೇಕೋ ಬೇಡವೋ ಎಂಬ ಅನುಮಾನ ಹುಟ್ಟುತ್ತದೆ. ಒಂದು ಪದವನ್ನೂ ಬದಲಿಸದೆ ಅರ್ಥ ಬದಲಾಗಿದೆ.

ಎರಡನೆಯದು 1991ರ 'ಕಿಸ್ ದೆಮ್ ಫಾರ್ ಮಿ'. ಅದರಲ್ಲಿ ತಬಲಾ ಲಂಡನ್ನಿನ ತಲ್ವಿನ್ ಸಿಂಗ್ ಅವರದು. ಕಾರು ಅಪಘಾತದಲ್ಲಿ ಸತ್ತ ಹಾಲಿವುಡ್ ನಟಿ ಜೇನ್ ಮ್ಯಾನ್ಸ್‌ಫೀಲ್ಡ್ ಬಗ್ಗೆ ಇರುವ ಹಾಡು, ಹಿಪ್‌ಹಾಪ್ ತಾಳದ ಮೇಲೆ ತಬಲಾ, ಅದರ ಮೇಲೆ ಸೂಸಿಯ ಮೆತ್ತನೆಯ ದನಿ. ಅಮೆರಿಕದಲ್ಲಿ 23ನೇ ಸ್ಥಾನ ಮುಟ್ಟಿತು, ಅಲ್ಲಿ ಅವರ ಅತಿ ದೊಡ್ಡ ಯಶಸ್ಸು. ಭಾರತದ ವಾದ್ಯವನ್ನು ಧೂಪದ ಹೊಗೆಯಂತೆ ಬಳಸುವ ಪಾಶ್ಚಾತ್ಯ ಹಾಡುಗಳನ್ನು ಸಾಕಷ್ಟು ಕೇಳಿದ್ದೇವೆ. ಇಲ್ಲಿ ತಬಲಾ ಅಲಂಕಾರಕ್ಕೆ ಕೂತಿಲ್ಲ, ಹಾಡಿನ ನಡೆಯೇ ಅದರದ್ದು. ಅದೇ ತಲ್ವಿನ್ ಮುಂದೆ 1999ರಲ್ಲಿ ವರ್ಷದ ಅತ್ಯುತ್ತಮ ಆಲ್ಬಂಗೆ ಬ್ರಿಟನ್ನಿನಲ್ಲಿ ಕೊಡುವ ಮರ್ಕ್ಯುರಿ ಪ್ರಶಸ್ತಿ ಗೆದ್ದರು.

ಹುಬ್ಬಳ್ಳಿ ಬೇಸ್

ತಬಲಾ ಕಲತಾಂವ ಒಬ್ಬ ಗೆಳ್ಯಾಗ ಆ ಹಾಡು ಕೇಳ್ಸಿದ್ದೆ ಅಕ್ಕಾರ. ಎಡಗೈ ಬಾಯಾಂ ದನಿ ಬೇಸ್ ಜೋಡಿ ಹೆಂಗ ಹೊಂದ್ಯದ ಅನ್ನೂದನ್ನ ಕೇಳಾಕ ಮತ್ತ ಮತ್ತ ಹಚ್ಚಿಸಿಕೊಂಡ.

ಹೊಸಕೇಳುಗ

ಇಷ್ಟೆಲ್ಲ ಓದಿ ಈಗ 'ಡ್ರೀಮ್‌ಹೌಸ್' ಕೇಳ್ತಾ ಇದ್ದೀನಿ. 'ಮೆಲ್ಟ್!' ಹಾಡಿಗೆ ಬಂದು ನಿಂತಿದ್ದೀನಿ, ಮುಂದೆ ಹೋಗೋಕೆ ಮನಸ್ಸಾಗ್ತಿಲ್ಲ. ಒಂದು ಸಣ್ಣ ಪ್ರಶ್ನೆ: ದ ಕ್ರಿಯೇಚರ್ಸ್ ಅಂದ್ರೆ ಇವರದೇ ಇನ್ನೊಂದು ತಂಡನಾ?

ಪುತ್ತೂರಿನವ

ಹೌದು, ಸೂಸಿ ಮತ್ತು ಬಡ್ಜಿ ಇಬ್ಬರೇ. ದನಿ ಮತ್ತು ತಾಳ, ಗಿಟಾರ್ ಬಹುತೇಕ ಇಲ್ಲವೇ ಇಲ್ಲ. 1983ರ 'ಫೀಸ್ಟ್' ಹವಾಯಿಯಲ್ಲಿ ರೆಕಾರ್ಡ್ ಆದದ್ದು, ಅಲ್ಲಿನ ಹಾಡುಗಾರರ ದನಿಯೂ ಇದೆ. 1989ರ 'ಬೂಮರ್ಯಾಂಗ್' ಸ್ಪೇನಿನ ಆಂಡಲೂಸಿಯಾದಲ್ಲಿ ಆದದ್ದು, ಹಿತ್ತಾಳೆ ವಾದ್ಯ, ಮರಿಂಬಾ ತುಂಬಿವೆ. ನೀನು 'ಬೂಮರ್ಯಾಂಗ್'ನಿಂದ ಶುರುಮಾಡು. ಅದರಲ್ಲಿ ಬಡ್ಜಿಯ ಕೈ ಪೂರ್ತಿ ಬಿಚ್ಚಿಕೊಂಡಿದೆ. 2003ರ 'ಹಾಯ್!' ಕೊನೆಗೆ ಇಟ್ಟುಕೋ. ಜಪಾನಿನ ಕೋಡೋ ಎಂಬ ಡ್ರಮ್ ಮೇಳದಲ್ಲಿದ್ದ ಲಿಯೊನಾರ್ಡ್ ಎಟೋ ಜೊತೆ ಟೋಕಿಯೋದಲ್ಲಿ ಬಡ್ಜಿ ನುಡಿಸಿದ ಡ್ರಮ್ಸ್ ಮೇಲೆ ಆಮೇಲೆ ಸೂಸಿ ಹಾಡಿದ್ದು. ದೊಡ್ಡ ಸ್ಪೀಕರ್ ಇದ್ದರೆ ಅದರಲ್ಲೇ ಕೇಳು, ಟೈಕೋ ಎಂಬ ಜಪಾನಿ ದೊಡ್ಡ ಡ್ರಮ್ಮಿನ ಪೆಟ್ಟು ಫೋನಿನಲ್ಲಿ ಹಿಡಿಯುವುದಿಲ್ಲ.

ತಂತಿಮೀಟು

ಅದರ ಜೊತೆಗೆ ಸೆವೆರಿನ್ ಮತ್ತು ಸ್ಮಿತ್ ಸೇರಿ ಮಾಡಿದ ದ ಗ್ಲವ್ ತಂಡದ 'ಬ್ಲೂ ಸನ್‌ಶೈನ್' (1983) ಕೂಡ ಕೇಳಿ ನೋಡು. @ಹುಬ್ಬಳ್ಳಿ ಬೇಸ್ ಸರ್, ಅದರಲ್ಲಿನ ಸೆವೆರಿನ್ ಬಗ್ಗೆ ನೀವು ಬರೆಯಬೇಕು. ಗಿಟಾರಿನ ಪರ ನಾನು ವಾದ ಮುಂದುವರಿಸುತ್ತೇನೆ, ಮುಂದಿನ ಸಲ ಕ್ಯಾರದರ್ಸ್ ನುಡಿಸಿದ 'ಟಿಂಡರ್‌ಬಾಕ್ಸ್' (1986) ಹಿಡಿದು. ಪೊಂಪೇ ನಗರ ಬೂದಿಯಲ್ಲಿ ಹೂತದ್ದನ್ನು ಹಾಡುವ 'ಸಿಟೀಸ್ ಇನ್ ಡಸ್ಟ್' ಇರುವುದು ಅದರಲ್ಲೇ.

ಹುಬ್ಬಳ್ಳಿ ಬೇಸ್

ಬರೀತೀನಿ ಸರ್. ಆದ್ರ 'ಸಿಟೀಸ್ ಇನ್ ಡಸ್ಟ್' ಎಳಕೊಂಡು ಹೋಗೂದು ಬೇಸ್ ಮತ್ತು ಡ್ರಮ್ಸ್, ಈಗ್ಲೇ ಹೇಳಿ ಇಡ್ತೀನಿ.